ಕೊನೇ ಬೆಂಚಿನ ನಾಲ್ವರು, ಅದೇ ಬೆಂಚಿನಿಂದ ಬಂದ ಮೇಷ್ಟ್ರು: ‘ವೆಲ್ಕಮ್ ಬ್ಯಾಕ್, ಕಾಟರ್’

ಅಡಿಕೆ ಕೊಯ್ಲಿನ ತಿಂಗಳಲ್ಲಿ ಜ್ವರ, ಮಾರಿ ಜಾತ್ರೆಯ ವಾರದಲ್ಲಿ ಅಜ್ಜಿಯ ಸಾವು. ಕೆಲವು ಹುಡುಗರ ಅಜ್ಜಿಯಂತೂ ವರ್ಷಕ್ಕೆ ಎರಡು ಸಲ ತೀರಿಕೊಳ್ಳುತ್ತಾರೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಹೈಸ್ಕೂಲು ಮೇಷ್ಟ್ರಿಗೆ ಇಂಥ ರಜಾ ಚೀಟಿಗಳು ಹೊಸದಲ್ಲ. ಅವರು ‘ವೆಲ್ಕಮ್ ಬ್ಯಾಕ್, ಕಾಟರ್’ನ ಹ್ವಾನ್ ಎಪ್‌ಸ್ಟೀನನನ್ನು ನೋಡಬೇಕು. ಅವನು ತರುವ ಚೀಟಿಯ ಒಕ್ಕಣೆ ಪ್ರತಿ ಸಲವೂ ಬೇರೆ, ಸಹಿ ಮಾತ್ರ ಒಂದೇ: ‘ಎಪ್‌ಸ್ಟೀನನ ತಾಯಿ’. ಮೇಷ್ಟ್ರು ಗಟ್ಟಿಯಾಗಿ ಓದುತ್ತಿದ್ದರೆ ಹುಡುಗ ಪಕ್ಕದಲ್ಲಿ ನಿಂತು ಅದೇ ಸಾಲಿಗೆ ತುಟಿ ಆಡಿಸುತ್ತಿರುತ್ತಾನೆ. ಬರೆದವರು ಯಾರು ಎಂದು ಮೇಷ್ಟ್ರಿಗೆ ಗೊತ್ತು, ಮೇಷ್ಟ್ರಿಗೆ ಗೊತ್ತಿದೆ ಎಂದು ಹುಡುಗನಿಗೂ ಗೊತ್ತು. ಆದರೂ ಓದುವ ಶಾಸ್ತ್ರ ತಪ್ಪುವುದಿಲ್ಲ. ಇಡೀ ಧಾರಾವಾಹಿಯ ನಗು ಇರುವುದು ಈ ಒಳ ಒಪ್ಪಂದದಲ್ಲಿ.

ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 1975ರ ಸೆಪ್ಟೆಂಬರಿನಿಂದ 1979ರ ಮೇವರೆಗೆ ನಾಲ್ಕು ಸೀಸನ್, 95 ಕಂತು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಜೇಮ್ಸ್ ಬುಕಾನನ್ ಹೈಸ್ಕೂಲು. ಅಲ್ಲೇ ಕೊನೇ ಬೆಂಚಿನಲ್ಲಿ ಕೂತು ಹೋಗಿದ್ದ ಗೇಬ್ ಕಾಟರ್ ಹತ್ತು ವರ್ಷದ ಮೇಲೆ ಸಮಾಜ ವಿಜ್ಞಾನದ ಮೇಷ್ಟ್ರಾಗಿ ವಾಪಸು ಬರುತ್ತಾನೆ. ಅವನಿಗೆ ಸಿಗುವುದು ನಮ್ಮಲ್ಲಿ ‘ಪರಿಹಾರ ಬೋಧನೆ’ಯ ಪಟ್ಟಿಗೆ ಬೀಳುವಂಥ ಮಕ್ಕಳ ತರಗತಿ. ಶಾಲೆಯಲ್ಲಿ ಅವರಿಗಿರುವ ಅಡ್ಡಹೆಸರು ‘ಸ್ವೆಟ್‌ಹಾಗ್ಸ್’, ಅಂದರೆ ಬೆವರುವ ಹಂದಿಗಳು. ಹುಡುಗರು ಅದನ್ನೇ ಬಿರುದಿನ ಹಾಗೆ ಹೊತ್ತು ತಿರುಗುತ್ತಾರೆ. ಕಾಟರ್ ಪಾತ್ರದ ಗೇಬ್ ಕ್ಯಾಪ್ಲನ್ ಮೂಲತಃ ವೇದಿಕೆಯ ಮೇಲೆ ನಿಂತು ನಗಿಸುವ ಕಸುಬಿನವರು. ತಮ್ಮ ಶಾಲಾದಿನಗಳ ಮೇಲೆ ಕಟ್ಟಿದ್ದ ಹಾಸ್ಯ ಕಾರ್ಯಕ್ರಮವೇ ಇದಕ್ಕೆ ಬೀಜ. ಶೀರ್ಷಿಕೆ ಹಾಡಿನ ಜೊತೆ ಕಾಣುವ ಶಾಲಾ ಕಟ್ಟಡವೂ ಅವರು ಓದಿದ್ದ ನ್ಯೂ ಯೂಟ್ರೆಕ್ಟ್ ಹೈಸ್ಕೂಲಿನದೇ. ಆ ಹಾಡು ಜಾನ್ ಸೆಬಾಸ್ಟಿಯನ್ನರದು. 1976ರಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಬರೀ ‘ಕಾಟರ್’ ಎಂದಿದ್ದ ಧಾರಾವಾಹಿಯ ಹೆಸರನ್ನೂ ಹಾಡಿಗಾಗಿಯೇ ಬದಲಾಯಿಸಿದರು.

ಹುಡುಗರು ನಾಲ್ವರು. ಗುಂಪಿನ ಯಜಮಾನಿಕೆ ವಿನಿ ಬಾರ್ಬರಿನೊನದು, ಚೆಲುವ, ತಲೆ ಸ್ವಲ್ಪ ನಿಧಾನ. ಈ ಪಾತ್ರದಿಂದಲೇ ಜಾನ್ ಟ್ರವೋಲ್ಟಾ ಮನೆಮಾತಾದದ್ದು. ಗಟ್ಟಿ ಕಂಠದ, ಬ್ಯಾಸ್ಕೆಟ್‌ಬಾಲ್ ಆಡುವ ಫ್ರೆಡಿ ವಾಷಿಂಗ್ಟನ್ ಇನ್ನೊಬ್ಬ. ಚೀಟಿಯ ಎಪ್‌ಸ್ಟೀನ್ ಆಗಲೇ ಬಂದ. ಇನ್ನು ಆರ್ನಾಲ್ಡ್ ಹಾರ್‌ಷಾಕ್: ಪ್ರಶ್ನೆ ಮುಗಿಯುವ ಮೊದಲೇ ಬೆಂಚಿನಿಂದ ಅರ್ಧ ಎದ್ದು ಕೈ ಎತ್ತಿ ‘ಊ ಊ ಊ’ ಎನ್ನುವವನು, ನಕ್ಕರೆ ಒಣಗಿದ ಪಂಪ್‌ಸೆಟ್ಟಿನ ಸದ್ದು. ಕೈ ಎತ್ತಿದವನಿಗೆ ಉತ್ತರ ಗೊತ್ತಿರಬೇಕೆಂದೇನೂ ಇಲ್ಲ. ಇವರೆಲ್ಲರ ಎದುರಿಗೆ ಉಪ ಮುಖ್ಯೋಪಾಧ್ಯಾಯ ವುಡ್‌ಮನ್. ಕಾಟರ್ ಹುಡುಗನಾಗಿದ್ದಾಗಲೂ ಇದೇ ಶಾಲೆಯಲ್ಲಿದ್ದವನು. ಅವನ ಕಣ್ಣಿಗೆ ಈಗ ಮೇಷ್ಟ್ರೂ ಒಬ್ಬ ಸ್ವೆಟ್‌ಹಾಗ್. ಜಾನ್ ಸಿಲ್ವೆಸ್ಟರ್ ವೈಟ್ ಈ ಪಾತ್ರವನ್ನು ಒಂದಿಷ್ಟೂ ಮೃದು ಮಾಡದೆ ಆಡಿದ್ದಾರೆ. ನಮ್ಮ ಲೆಕ್ಕದಲ್ಲಿ ಇಡೀ ತಂಡದಲ್ಲಿ ಅತಿ ಒಳ್ಳೆಯ ನಟನೆ ಅವರದೇ.

ಒಂದು ತಕರಾರು ನೋಡಿದ ತಕ್ಷಣ ಏಳುತ್ತದೆ: ಇವರ್‍ಯಾರೂ ಹೈಸ್ಕೂಲು ಹುಡುಗರ ಹಾಗೆ ಕಾಣುವುದಿಲ್ಲ. ಕಾಣುವುದಾದರೂ ಹೇಗೆ? ಶುರುವಾದಾಗ ಟ್ರವೋಲ್ಟಾಗೆ 21, ಹಾರ್‌ಷಾಕ್ ಆಗಿದ್ದ ರಾನ್ ಪಲಿಲ್ಲೊಗೆ 26. ಮುಗಿಯುವ ಹೊತ್ತಿಗೆ ಪಲಿಲ್ಲೊಗೆ 30 ತುಂಬಿತ್ತು. ಮೊದಲೆರಡು ಸೀಸನ್ನಿನಲ್ಲಿ ಮಾತಿನ ವೇಗ ಇದನ್ನು ಮರೆಸುತ್ತದೆ, ಆಮೇಲೆ ಮರೆಸುವುದಿಲ್ಲ.

ಮೇಷ್ಟ್ರುಗಳ ತಕರಾರು ಬೇರೆ. ಕಾಟರ್ ಪಾಠ ಮಾಡುವುದು ಯಾವಾಗ? ಕರಿಹಲಗೆಯ ಮೇಲೆ ಏನೋ ಬರೆದಿರುತ್ತದೆ, ಪುಸ್ತಕ ತೆರೆಯುತ್ತದೆ, ಅಷ್ಟರಲ್ಲಿ ಯಾರೋ ಬಾಗಿಲು ತಳ್ಳಿಕೊಂಡು ಬರುತ್ತಾರೆ. ಯೂನಿಟ್ ಪ್ಲಾನು, ಪಾಠ ಟಿಪ್ಪಣಿ ಬರೆಯುವವರಿಗೆ ಇದು ಸಿಟ್ಟು ತರಿಸಬಹುದು. ಆದರೆ ಮೊದಲ ಸೀಸನ್ನನ್ನು ಎಚ್ಚರದಿಂದ ನೋಡಿದರೆ ಒಂದು ಪದ್ಧತಿ ಕಾಣುತ್ತದೆ. ಕಾಟರ್ ಗದರಿಸುವುದಿಲ್ಲ, ಜೋಕಿಗೆ ಜೋಕು ಕೊಡುತ್ತಾನೆ, ಮೂರನೇ ಜೋಕಿನ ಒಳಗೆ ಪ್ರಶ್ನೆ ಇಡುತ್ತಾನೆ. ನಗುವವನು ನಗುತ್ತಲೇ ಉತ್ತರಿಸಿಬಿಡುತ್ತಾನೆ. ಚರ್ಚಾಸ್ಪರ್ಧೆಯ ಕಂತಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡಿದೆ. ಶಾಲೆಯ ಅಧಿಕೃತ ಚರ್ಚಾ ತಂಡದ ಎದುರು ಈ ನಾಲ್ವರು ನಿಲ್ಲುತ್ತಾರೆ. ಭಾಷಣ ಬಾಯಿಪಾಠ ಮಾಡಿ ಬಂದವರಿಗೂ ಬೀದಿಯಲ್ಲಿ ವಾದ ಕಲಿತವರಿಗೂ ಇರುವ ಫರಕು ಅಲ್ಲಿ ಕಾಣುತ್ತದೆ.

ಮೊದಲ ಸೀಸನ್ನಿನಲ್ಲೇ ಇನ್ನೂ ಮೂರು ಕಂತು ನೋಡಲೇಬೇಕು. ಶಾಲೆಯ ಊಟಕ್ಕೆ ಕೊಟ್ಟ ಲಿವರ್ ಬೇಡವೆಂದು ಹುಡುಗರು ಧರಣಿ ಕೂರುವುದು ಒಂದು. ಬಿಸಿಯೂಟದ ಸಾರಿಗೆ ಮುಖ ಸಿಂಡರಿಸಿದ ಯಾವ ಹುಡುಗನಿಗೂ ವಿವರಿಸುವ ಅಗತ್ಯವಿಲ್ಲ. ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾದ ವಾಷಿಂಗ್ಟನ್ ಇನ್ನು ಓದು ಯಾಕೆ ಎಂದು ಬಿಡುವುದು ಇನ್ನೊಂದು. ಮೂರನೆಯದು ಹಾರ್‌ಷಾಕ್‌ಗೆ ಬಡ್ತಿ ಸಿಗುವ ಕಂತು. ಅವನನ್ನು ಮಾಮೂಲಿ ತರಗತಿಗೆ ಹಾಕುತ್ತಾರೆ. ಅಲ್ಲಿ ಅವನ ‘ಊ ಊ ಊ’ಗೆ ನಗುವವರಿಲ್ಲ. ಪಾಸಾಗುವುದೆಂದರೆ ಗೆಳೆಯರನ್ನು ಬಿಟ್ಟು ಹೋಗುವುದು ಎಂಬ ಸಂಕಟವನ್ನು ಅರ್ಧ ಗಂಟೆಯೊಳಗೆ, ಭಾಷಣವಿಲ್ಲದೆ ಹೇಳಿದ್ದಾರೆ.

ಎಡವಿದ್ದು ಎಲ್ಲಿ? ಪಾತ್ರಕ್ಕೊಂದು ತಾಳ ಕಟ್ಟಿಕೊಟ್ಟದ್ದೇ ಮುಳುವಾಯಿತು. ಮರುಕಳಿಸುವ ಹಾಸ್ಯಕ್ಕೆ ಒಂದು ಲೆಕ್ಕವಿದೆ: ಮೊದಲ ಸಲ ಪರಿಚಯ, ಎರಡನೇ ಸಲ ಗುರುತು, ಮೂರನೇ ಸಲ ತಿರುವು. ಇಲ್ಲಿ ತಿರುವು ಬರುಬರುತ್ತಾ ಕಡಿಮೆಯಾಗಿ, ಮೂರನೇ ಸೀಸನ್ನಿನ ಹೊತ್ತಿಗೆ ಗುರುತು ಮಾತ್ರ ಉಳಿಯಿತು. ಹಾರ್‌ಷಾಕ್ ಕೈ ಎತ್ತಿದ, ಸ್ಟುಡಿಯೋದ ಪ್ರೇಕ್ಷಕರು ಚಪ್ಪಾಳೆ ಹೊಡೆದರು, ಮುಗಿಯಿತು. ಮೂಗಿಗೆ ರಬ್ಬರ್ ಪೈಪು ತುರುಕುವ ಪ್ರಸಿದ್ಧ ಬೈಗುಳದ ಜೀವ ಇಂಗ್ಲಿಷ್ ಪ್ರಾಸದಲ್ಲಿದೆ. ಅರ್ಥ ಮಾತ್ರ ಕನ್ನಡಕ್ಕೆ ತಂದರೆ ಪೈಪು ಉಳಿಯುತ್ತದೆ, ನಗು ಹೋಗುತ್ತದೆ.

ನಾಲ್ಕನೇ ಸೀಸನ್ ಬಿಟ್ಟುಬಿಡಿ. ಅಷ್ಟರಲ್ಲಿ ಟ್ರವೋಲ್ಟಾ ಸಿನಿಮಾದ ದೊಡ್ಡ ತಾರೆಯಾಗಿದ್ದರು, ಅಪರೂಪಕ್ಕೆ ಮುಖ ತೋರಿಸುತ್ತಾರೆ. ಅದು ದೊಡ್ಡ ನಷ್ಟವಲ್ಲ. ದೊಡ್ಡ ನಷ್ಟ ಕಾಟರನೇ ಕಾಣೆಯಾಗುವುದು. ಕಥೆಯಲ್ಲಿ ಅವನನ್ನು ಉಪ ಮುಖ್ಯೋಪಾಧ್ಯಾಯನಾಗಿ, ವುಡ್‌ಮನ್‌ನನ್ನು ಮುಖ್ಯೋಪಾಧ್ಯಾಯನಾಗಿ ಮೇಲೇರಿಸಿದರು. ಕ್ಯಾಪ್ಲನ್ ಬಹಳಷ್ಟು ಕಂತುಗಳಲ್ಲಿ ಇಲ್ಲವೇ ಇಲ್ಲ. ಯಕ್ಷಗಾನ ನೋಡುವವರಿಗೆ ಇದರ ಪರಿಣಾಮ ಬಿಡಿಸಿ ಹೇಳಬೇಕಿಲ್ಲ. ಹಾಸ್ಯಗಾರ ಎಷ್ಟೇ ಗಟ್ಟಿಗನಿರಲಿ, ಎದುರಿಗೆ ಗತ್ತಿನ ರಾಜವೇಷವೋ, ಮಾತಿಗೆ ಮಾತು ಕೊಡುವ ಭಾಗವತರೋ ಇರಬೇಕು. ಚೆಂಡು ಪುಟಿಯಲು ಗೋಡೆ ಬೇಕಲ್ಲ ಮಾರಾಯ್ರೆ. ಮೇಷ್ಟ್ರಿಲ್ಲದ ತರಗತಿಯಲ್ಲಿ ತಂಟೆಗೆ ಅರ್ಥವಿಲ್ಲ, ಅದು ಬರೀ ಗಲಾಟೆ.

ಇದರ ಜೊತೆಗೆ ‘ಹೆಡ್ ಆಫ್ ದ ಕ್ಲಾಸ್’ ಇಟ್ಟು ನೋಡಿದರೆ ಹೋಲಿಕೆ ಚೆನ್ನಾಗಿ ಸಿಗುತ್ತದೆ. 1986ರಿಂದ 1991, 114 ಕಂತು, ಅದೂ ಎಬಿಸಿಯದೇ, ನ್ಯೂಯಾರ್ಕಿನದೇ. ಅಲ್ಲಿರುವುದು 625ಕ್ಕೆ 625 ತೆಗೆಯುವ ಜಾತಿಯ ಮಕ್ಕಳು. ಹೊವರ್ಡ್ ಹೆಸ್ಮನ್‌ರ ಮೇಷ್ಟ್ರು ಅವರಿಗೆ ಕಲಿಸಬೇಕಾದದ್ದು ಪುಸ್ತಕ ಮುಚ್ಚುವುದನ್ನು. ಜವಾಹರಲಾಲ್ ಚೌಧರಿ ಎಂಬ ಭಾರತದ ಹುಡುಗನೂ ಇದ್ದಾನೆ. ಹೆಸರಿಟ್ಟವರು ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ. 1988ರಲ್ಲಿ ತಂಡ ಮಾಸ್ಕೋಗೇ ಹೋಗಿ ಒಂದು ಕಥೆ ಚಿತ್ರೀಕರಿಸಿತು. ಒಂದು ಕಿಡಿಗೇಡಿತನ ಗಮನಿಸಿ: ಕಾಟರನ ಶಾಲೆಗೆ ಬುಕಾನನ್, ಇವರ ಶಾಲೆಗೆ ಫಿಲ್‌ಮೋರ್. ಇಬ್ಬರೂ ಅಮೆರಿಕದ ದುರ್ಬಲ ಅಧ್ಯಕ್ಷರ ಸಾಲಿಗೆ ಸೇರಿದವರು. ನೋಟ ಶುಭ್ರವಾಗಿರುವುದು ‘ಹೆಡ್ ಆಫ್ ದ ಕ್ಲಾಸ್’ನಲ್ಲಿ, ರುಚಿ ಇರುವುದು ಕಾಟರನಲ್ಲಿ.

ನೋಡುವವರಿಗೆ: ಪೂರ್ತಿ ಸರಣಿಯ ಡಿವಿಡಿ 2014ರಲ್ಲಿ ಅಮೆರಿಕದಲ್ಲಿ ಬಂತು. ಆ ದೇಶದ ಡಿಸ್ಕು ರೀಜನ್ 1, ನಮ್ಮದು ರೀಜನ್ 5. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ಡಿಸ್ಕು ಓಡುವುದಿಲ್ಲ. ಚಿತ್ರ ವಿಡಿಯೊ ಟೇಪಿನದು, 4:3 ಅಳತೆಯದು. ಅಗಲದ ಟಿವಿಯಲ್ಲಿ ಎಳೆದು ತುಂಬಿಸಿದರೆ ಎಲ್ಲರೂ ಗುಂಡಗಾಗುತ್ತಾರೆ, ಎರಡೂ ಬದಿಗೆ ಕಪ್ಪು ಪಟ್ಟಿ ಬಿಡುವ ಸೆಟ್ಟಿಂಗೇ ಸರಿ.

ಸ್ಕೂಲ್ ಡೇಗೆ ಇದೇ ಮಾದರಿಯ ಕಿರುನಾಟಕ ಮಾಡಿಸುವ ಆಸೆ ಹುಟ್ಟಿದರೆ, 15 ನಿಮಿಷ ಮೀರಬೇಡಿ. ಮಾತಾಡುವ ಹುಡುಗರು ನಾಲ್ಕೇ ಇರಲಿ, ಒಬ್ಬೊಬ್ಬರಿಗೆ ಒಂದೇ ಚಾಳಿ, ಅದು ಮೂರೇ ಸಲ ಬರಲಿ. ನಿಜವಾದ ತರಗತಿಯ ಹಾಗೆ ಬೆಂಚು ಸಾಲಾಗಿ ಇಟ್ಟರೆ ಪ್ರೇಕ್ಷಕರಿಗೆ ಬೆನ್ನೇ ಕಾಣುತ್ತದೆ. ನಾಲ್ಕು ಬೆಂಚನ್ನು ಬೀಸಣಿಗೆಯ ಹಾಗೆ ಓರೆಯಾಗಿ ಹರಡಿ, ಹಲಗೆ ಪಕ್ಕದ ಗೋಡೆಗಿರಲಿ, ಮೇಷ್ಟ್ರ ಮೇಜು ಅದರ ಮುಂದೆ. ಹೆಚ್ಚಿನ ನಾಟಕಗಳು ಕೆಡುವುದು ಮೈಕಿನಿಂದ. ಒಂದೇ ಸ್ಟ್ಯಾಂಡ್ ಮೈಕು ಮಧ್ಯದಲ್ಲಿ ನಿಲ್ಲಿಸಿದರೆ ಪ್ರತಿಯೊಬ್ಬ ಹುಡುಗನೂ ಮಾತು ಬಂದಾಗ ಅಲ್ಲಿಗೆ ಓಡಿ ಬಂದು, ಹೇಳಿ, ಓಡಿ ಹೋಗುತ್ತಾನೆ. ತರಗತಿ ಹೋಗಿ ರಿಲೇ ಓಟವಾಗುತ್ತದೆ. ವೇದಿಕೆಯ ಮುಂಭಾಗದಲ್ಲಿ ಕೆಳಮಟ್ಟಕ್ಕೆ ಎರಡು, ಬೆಂಚುಗಳ ಮೇಲೆ ಇಳಿಬಿಟ್ಟ ಒಂದು, ಒಟ್ಟು ಮೂರು ಮೈಕು ಸಾಕು. ಸ್ಪೀಕರ್ ಪೆಟ್ಟಿಗೆ ಮೈಕಿಗಿಂತ ಮುಂದೆ, ಪ್ರೇಕ್ಷಕರ ಕಡೆ ಮುಖ ಮಾಡಿರಲಿ. ಹಿಂದಿದ್ದರೆ ಅದರ ಸದ್ದನ್ನೇ ಮೈಕು ಮತ್ತೆ ಎಳೆದುಕೊಂಡು ಕೂಗುತ್ತದೆ.

ಇನ್ನು ನಗುವಿನ ಜಾಗ. ಕಾಟರ್ ತಂಡ ಆಡಿದ್ದು ಎದುರಿಗೆ ಕೂತ ಪ್ರೇಕ್ಷಕರ ಮುಂದೆ, ಹಾಗಾಗಿ ನಟರು ನಗು ಇಳಿಯುವವರೆಗೆ ಕಾಯುತ್ತಾರೆ. ಪೂರ್ತಿ ನಿಲ್ಲುವವರೆಗೆ ಕಾದರೆ ಓಟ ಸಾಯುತ್ತದೆ, ಕಾಯದೆ ಹೇಳಿದರೆ ಮುಂದಿನ ಸಾಲು ನಗುವಿನಲ್ಲಿ ಮುಳುಗುತ್ತದೆ. ಅರ್ಧ ಇಳಿದಾಗ ಬಾಯಿ ತೆರೆಯಬೇಕು. ಅಲ್ಲಿಯವರೆಗೆ ಹುಡುಗ ಕಂಬದ ಹಾಗೆ ನಿಲ್ಲದೆ ಪುಸ್ತಕದ ಹಾಳೆ ತಿರುವುತ್ತಿರಲಿ, ಇಲ್ಲವೇ ಪಕ್ಕದವನ ಜಾಮಿಟ್ರಿ ಬಾಕ್ಸಿಗೆ ಕೈ ಹಾಕಲಿ.