ಸ್ಟೇಷನ್ ಹತ್ತಿರದ ಬಾರಿನಲ್ಲಿ ದುಡ್ಡು ಮೊದಲೇ ಕೊಡಿ

ನಾನು ಕಾರವಾರದ ಕೋಡಿಬಾಗದವನು. ಹಡಗಿನ ಎಂಜಿನ್ ರೂಮಿನಲ್ಲಿ ಮೋಟರ್‌ಮನ್ ಆಗಿ 22 ವರ್ಷ ಆಯಿತು. ಏಳೆಂಟು ತಿಂಗಳು ನೀರಿನ ಮೇಲೆ, ಮೂರು ತಿಂಗಳು ಮನೆಯಲ್ಲಿ. ಹಡಗು ಹತ್ತಬೇಕಾದರೆ ಮೊದಲು ಮುಂಬೈಗೆ ಹೋಗಬೇಕು. ಮುಂಬೈಗೆ ನನಗೆ ಮತ್ಸ್ಯಗಂಧವೇ ಗಾಡಿ. ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ, ಅವಳಿಗೆ ಪಂಚಗಂಗಾ. ಹಾಗಾಗಿ ಸ್ಟೇಷನ್ನಿನಲ್ಲಿ ಕಾಯುವುದು ನಮ್ಮ ಮನೆಗೆ ಹೊಸದಲ್ಲ.

ಇವತ್ತು ಬರೆಯುತ್ತಿರುವುದು ಕಾರವಾರದ ಸ್ಟೇಷನ್ ಇರುವ ಶಿರವಾಡದ ಒಂದು ಬಾರ್ ಆಂಡ್ ರೆಸ್ಟೋರೆಂಟ್ ಬಗ್ಗೆ. ಹೆಸರು ಹಾಕಬೇಡಿ ಎಂದು ಮಾಲೀಕರು ಕೇಳಿಕೊಂಡಿದ್ದಾರೆ. ಎಂಟೇ ಟೇಬಲ್ ಇರುವ ಜಾಗ. ಜನ ಜಾಸ್ತಿ ಆದರೆ ಈಗಿನ ಹಾಗೆ ಮಾಡಿ ಬಡಿಸಲು ಆಗುವುದಿಲ್ಲ ಎಂದರು. ಗುರುತು ಮಾತ್ರ ಹೇಳುತ್ತೇನೆ: ಸ್ಟೇಷನ್ನಿನಿಂದ ಕೈಗಾ ರಸ್ತೆಗೆ ಬಂದು ಬ್ಯಾಗ್ ಎಳೆದುಕೊಂಡು ನಡೆದರೆ ಹನ್ನೊಂದು ನಿಮಿಷ. ಬ್ಯಾಗ್ ಇಲ್ಲದಿದ್ದರೆ ಎಂಟು. ಎರಡು ಸಲ ಗಡಿಯಾರ ನೋಡಿಕೊಂಡೇ ನಡೆದಿದ್ದೇನೆ.

ನಿಮಿಷ ಎಣಿಸುವುದಕ್ಕೆ ಕಾರಣ ಇದೆ. ಕೊಂಕಣ ರೈಲ್ವೆಯ ಗಾಡಿಗಳು 1998ರ ಜನವರಿಯಿಂದ ಪೂರ್ತಿ ದಾರಿಯಲ್ಲಿ ಓಡುತ್ತಿವೆ. ಆದರೆ ನಮ್ಮ ಜಿಲ್ಲೆಯಲ್ಲಿ ಸ್ಟೇಷನ್ ಒಂದು ಕಡೆ, ಪೇಟೆ ಒಂದು ಕಡೆ. ಕಾರವಾರದ ಸ್ಟೇಷನ್ ಪೇಟೆಯಿಂದ ಆರೇಳು ಕಿಲೋಮೀಟರ್ ದೂರ, ಶಿರವಾಡದಲ್ಲಿದೆ. ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಇಳಿದವರು ಗೋಕರ್ಣಕ್ಕೆ ಇನ್ನೂ ಹತ್ತು ಕಿಲೋಮೀಟರ್ ಹೋಗಬೇಕು. ಕುಮಟಾ ಒಂದೇ ಸ್ವಲ್ಪ ಅನುಕೂಲ, ಪೇಟೆ ಹತ್ತಿರ. ಶಿರಸಿಯ ನನ್ನ ಗೆಳೆಯನಿಗೆ ಊರಿನಲ್ಲಿ ರೈಲೇ ಇಲ್ಲ. ಅವನು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುತ್ತಾನೆ. ಘಟ್ಟದಲ್ಲಿ ಏನಾಗುತ್ತದೋ ಎಂದು ಎರಡು ತಾಸು ಮೊದಲೇ ಹೊರಡುತ್ತಾನೆ, ಏನೂ ಆಗದಿದ್ದರೆ ಆ ಎರಡು ತಾಸು ಕುಮಟಾದಲ್ಲಿ ಕಳೆಯಬೇಕು. ಪೇಟೆಯಲ್ಲಿ ಒಳ್ಳೆಯ ಬಾರ್ ಇದ್ದು ಸ್ಟೇಷನ್ ದೂರ ಇದ್ದರೆ ಆಟೋ ಹುಡುಕುವ ಚಿಂತೆಯಲ್ಲೇ ಮೀನು ತಣ್ಣಗಾಗುತ್ತದೆ. ಅದಕ್ಕೇ ನಾನು ಮೊದಲು ನೋಡುವುದು ನಡೆಯುವ ದೂರ. ಬಾಯಿರುಚಿ ಆಮೇಲೆ.

ಎರಡನೆಯದಾಗಿ ನೋಡುವುದು ಬಿಲ್ಲು. ಇದನ್ನು ಕಷ್ಟಪಟ್ಟೇ ಕಲಿತೆ. ನಾಲ್ಕು ವರ್ಷದ ಹಿಂದೆ ನಮ್ಮ ಕರಾವಳಿಯದೇ ಇನ್ನೊಂದು ಊರಿನಲ್ಲಿ ಸ್ಟೇಷನ್ ಹತ್ತಿರದ ಬಾರಿಗೆ ಹೋಗಿದ್ದೆ. ರಜೆಯಲ್ಲಿದ್ದೆ, ಒಂದು ಬಿಯರ್, ಒಂದು ಪ್ಲೇಟ್ ಚಿಕನ್ ಹೇಳಿದೆ. ಗಾಡಿಗೆ ಇಪ್ಪತ್ತು ನಿಮಿಷ ಇದ್ದಾಗ ಬಿಲ್ಲು ಕೇಳಿದೆ. ಹುಡುಗ ಹ್ಞೂಂ ಅಂದು ಹೋದವನು ಬರಲಿಲ್ಲ. ಮತ್ತೆ ಕೇಳಿದೆ. ಕೌಂಟರಿನವರು ಫೋನಿನಲ್ಲಿದ್ದರು. ಬಂದ ಬಿಲ್ಲಿನಲ್ಲಿ ನಾನು ತಿನ್ನದ ಶೇಂಗಾ, ಕೇಳದ ಸೋಡಾ, ಕೊನೆಗೆ ಸರ್ವಿಸ್ ಎಂದು ಒಂದು ಮೊತ್ತ. ಮೆನುವಿನಲ್ಲಿ ದರವೇ ಬರೆದಿರಲಿಲ್ಲ, ವಾದ ಮಾಡಲು ಹೊತ್ತೂ ಇರಲಿಲ್ಲ. ಕೇಳಿದಷ್ಟು ಕೊಟ್ಟು ಓಡಿದೆ. ಪ್ಲಾಟ್‌ಫಾರ್ಮಿಗೆ ಕಾಲಿಟ್ಟಾಗ ಗಾಡಿ ಚಲಿಸುತ್ತಿತ್ತು. ಹತ್ತಲಿಲ್ಲ. ಹತ್ತಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಹೆಂಡತಿ ನೆನಪಿಸುತ್ತಾಳೆ.

ಗಾಡಿಗೆ ಹೋಗುವ ಗಿರಾಕಿಗೆ ಹೊತ್ತಿಲ್ಲ ಎಂದು ಬಾರಿನವರಿಗೆ ಗೊತ್ತಿರುತ್ತದೆ. ಒಳ್ಳೆಯವರು ಅದನ್ನು ನೋಡಿ ಬೇಗ ಮಾಡಿಕೊಡುತ್ತಾರೆ. ಕೆಲವರು ಅದರಿಂದಲೇ ದುಡ್ಡು ಮಾಡುತ್ತಾರೆ.

ಇದಕ್ಕೆ ಉಪಾಯ ನನಗೆ ಸಿಕ್ಕಿದ್ದು ಲಂಡನ್ನಿನಲ್ಲಿ. ನಮ್ಮ ಹಡಗು ಫೆಲಿಕ್ಸ್‌ಟೋ ಬಂದರಿಗೆ ಬರುವುದಿತ್ತು. ಅದು ಇಂಗ್ಲೆಂಡಿನ ಅತಿ ದೊಡ್ಡ ಕಂಟೇನರ್ ಬಂದರು. ಏಜೆಂಟ್ ರೈಲಿನ ಟಿಕೆಟ್ ಕೊಟ್ಟಿದ್ದರು: ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನಿಂದ ಇಪ್ಸ್‌ವಿಚ್, ಅಲ್ಲಿ ಗಾಡಿ ಬದಲಾಯಿಸಿ ಫೆಲಿಕ್ಸ್‌ಟೋ. ಎರಡೂವರೆ ತಾಸು ಕಾಯಬೇಕಿತ್ತು. ಸ್ಟೇಷನ್ನಿಗೆ ಅಂಟಿಕೊಂಡೇ ಹ್ಯಾಮಿಲ್ಟನ್ ಹಾಲ್ ಎಂಬ ಪಬ್ ಇದೆ. ವೆದರ್‌ಸ್ಪೂನ್ ಎಂಬ ದೊಡ್ಡ ಚೈನಿನದು. ಟಿಮ್ ಮಾರ್ಟಿನ್ ಎಂಬವರು 1979ರಲ್ಲಿ ಒಂದೇ ಒಂದು ಪಬ್ಬಿನಿಂದ ಶುರು ಮಾಡಿದ್ದು, ಈಗ ಆ ದೇಶದ ತುಂಬಾ ಇವೆ. ಹಳೆಯ ಸಿನಿಮಾ ಟಾಕೀಸು, ಬ್ಯಾಂಕು, ಪೋಸ್ಟ್ ಆಫೀಸು ಕೊಂಡು ಪಬ್ ಮಾಡುತ್ತಾರೆ. ಹ್ಯಾಮಿಲ್ಟನ್ ಹಾಲ್ ಅಂತೂ ಹಿಂದೆ ಗ್ರೇಟ್ ಈಸ್ಟರ್ನ್ ಹೋಟೆಲಿನ ನಾಚ್ ಹಾಲ್ ಆಗಿತ್ತು. ಎತ್ತರದ ಮಾಡು, ಗೋಡೆಯ ಮೇಲೆಲ್ಲ ಗಾರೆಯ ಕೆತ್ತನೆ. ನಾನು ಬಾಗಿಲಲ್ಲೇ ನಿಂತು ಮೇಲೆ ನೋಡಿದೆ.

ಅಲ್ಲಿ ಹುಡುಗ ಟೇಬಲ್ಲಿಗೆ ಬಂದು ಏನು ಬೇಕು ಎಂದು ಕೇಳುವುದಿಲ್ಲ. ನೀವೇ ಕೌಂಟರಿಗೆ ಹೋಗಿ ಹೇಳಬೇಕು, ಅಲ್ಲೇ ದುಡ್ಡು ಕೊಡಬೇಕು. ಊಟದ ಸಾಮಾನಾದರೆ ಟೇಬಲ್ ನಂಬರ್ ಹೇಳಿದರೆ ತಂದಿಡುತ್ತಾರೆ. ಇಂಗ್ಲೆಂಡಿನ ಪಬ್ಬುಗಳಲ್ಲಿ ಹೆಚ್ಚಾಗಿ ಇದೇ ಪದ್ಧತಿ. ಮೊದಲ ಸಲ ನನಗೆ ಇದು ಒರಟು ಅನ್ನಿಸಿತು. ಗಾಡಿಯ ಹೊತ್ತು ಬಂದಾಗ ಅರ್ಥವಾಯಿತು. ಎದ್ದೆ, ಬ್ಯಾಗ್ ತೆಗೆದುಕೊಂಡೆ, ಹೋದೆ. ಯಾರನ್ನೂ ಕೇಳಬೇಕಾಗಿಲ್ಲ.

ಇನ್ನೊಂದು ಮಾತು. ಅವತ್ತು ನಾನು ಕುಡಿಯಲಿಲ್ಲ. ಹಡಗು ಹತ್ತಲು ಹೋಗುವಾಗ ಕುಡಿಯುವುದಿಲ್ಲ, ಅದು ನಮ್ಮ ಕೆಲಸದ ನಿಯಮ, ನನ್ನ ನಿಯಮ ಕೂಡ. ಕಾಫಿ ತೆಗೆದುಕೊಂಡೆ. ಒಮ್ಮೆ ದುಡ್ಡು ಕೊಟ್ಟರೆ ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದು. ಕಾಫಿ ಹಿಡಿದು ಎರಡು ತಾಸು ಕುಳಿತ ನನ್ನನ್ನು ಯಾರೂ ಎಬ್ಬಿಸಲಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಒಬ್ಬ ಅಜ್ಜಿ, ಕಾಲ ಬಳಿ ಸೂಟ್‌ಕೇಸ್, ಒಬ್ಬರೇ ಕುಳಿತು ಪುಸ್ತಕ ಓದುತ್ತಿದ್ದರು. ನನಗೆ ತಟ್ಟನೆ ನನ್ನ ಮಗಳ ನೆನಪಾಯಿತು. ಅವಳು ನಮ್ಮ ಊರಿನ ಯಾವ ಬಾರಿನಲ್ಲಿ ಹೀಗೆ ಕುಳಿತುಕೊಳ್ಳಬಹುದು?

ಚೈನ್ ಪಬ್ ಅಂದರೆ ಮೂಗು ಮುರಿಯುವವರು ನನ್ನ ಗೆಳೆಯರಲ್ಲಿ ಬಹಳ. ಎಲ್ಲ ಕಡೆ ಒಂದೇ ರುಚಿ, ಒಂದೇ ಪ್ಲೇಟು ಅನ್ನುತ್ತಾರೆ. ಅದು ನಿಜವೇ. ಬೆಂಗಳೂರಿನ ಒಂದು ಚೈನ್ ಪಬ್ಬಿಗೆ ಮಗಳ ಜೊತೆ ಹೋದಾಗ ಮೀನು ಯಾವುದು ಎಂದು ಕೇಳಿದೆ. ಫಿಶ್ ಫಿಂಗರ್ ಸಾರ್ ಅಂದ ಹುಡುಗ. ಯಾವ ಮೀನಿನದು ಅಂದೆ. ಅವನಿಗೆ ಗೊತ್ತಿರಲಿಲ್ಲ, ಒಳಗೆ ಹೋಗಿ ಕೇಳಿ ಬಂದ, ಒಳಗಿನವರಿಗೂ ಗೊತ್ತಿರಲಿಲ್ಲ. ಕೋಡಿಬಾಗದವನಿಗೆ ಇದು ಸಹಿಸಲು ಕಷ್ಟ. ಆದರೆ ಅದೇ ಪಬ್ಬಿನಲ್ಲಿ ದರ ಅಚ್ಚಾಗಿತ್ತು, ಶೌಚಾಲಯ ಸ್ವಚ್ಛ ಇತ್ತು, ಮಗಳು ಹಾಯಾಗಿ ಕುಳಿತಿದ್ದಳು. ಮೀನು ಗೊತ್ತಿಲ್ಲ ಎಂದು ಬಯ್ಯುವ ನಾವು ಈ ಮೂರನ್ನೂ ಒಪ್ಪಿಕೊಳ್ಳಬೇಕು ಅಲ್ವಾ?

ಸ್ವಂತದ ಸಣ್ಣ ಪಬ್ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದು ಎಂದೂ ಇಲ್ಲ. ಲಂಡನ್ನಿನ ಯೂಸ್ಟನ್ ಸ್ಟೇಷನ್ ಮುಂದೆ ಯೂಸ್ಟನ್ ಟ್ಯಾಪ್ ಇದೆ. ಹಳೆಯ ಕಾವಲು ಮನೆಯಂಥ ಪುಟ್ಟ ಕಲ್ಲಿನ ಕಟ್ಟಡ, ಹೊರಗಿನ ಕಲ್ಲಿನಲ್ಲಿ ರೈಲು ಹೋಗುವ ಊರುಗಳ ಹೆಸರು ಕೆತ್ತಿದ್ದಾರೆ. ನೋಡಲು ಬಹಳ ಚಂದ, ಬಿಯರಿನ ಬಗೆಯೂ ಬಹಳ. ಆದರೆ ಮೇಲೆ ಹೋಗಲು ಕಿರಿದಾದ ಸುರುಳಿ ಮೆಟ್ಟಿಲು. ದೊಡ್ಡ ಬ್ಯಾಗ್ ಇರುವ ನನ್ನಂಥವರಿಗೆ ಹ್ಯಾಮಿಲ್ಟನ್ ಹಾಲೇ ಸರಿ.

ಈಗ ಶಿರವಾಡಕ್ಕೆ ಬರುತ್ತೇನೆ. ಮೊದಲ ಸಲ ಹೋದಾಗಲೇ ಕೌಂಟರಿಗೆ ಹೋಗಿ ಹೇಳಿದೆ, ‘ಶೇಟ್ರೇ, ನನಗೆ ಗಾಡಿ ಅದೆ. ಹೇಳಿದ್ದಕ್ಕೆಲ್ಲ ಈಗಲೇ ದುಡ್ಡು ಕೊಡ್ತೆ. ಎದ್ದು ಹೋಗುವಾಗ ಕರೀಬೇಡಿ.’ ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ‘ಹಾಗೇ ಮಾಡಿ ಸಾಹೇಬ್ರೇ, ನಮಗೂ ಬೇಕಾದದ್ದು ಅದೇ’ ಅಂದರು. ಗಾಡಿ ಬಂತು ಎಂದು ಬಿಲ್ಲು ಕೊಡದೆ ಓಡಿದವರೂ ಇದ್ದಾರಂತೆ. ನಾನು ಬರೀ ನನ್ನ ಕಷ್ಟ ನೋಡಿದ್ದೆ, ಅವರದ್ದು ಅವತ್ತು ಗೊತ್ತಾಯಿತು. ಈಗ ಸ್ಟೇಷನ್ ಗಿರಾಕಿಗಳಿಗೆಲ್ಲ ಅವರೇ ಕೇಳುತ್ತಾರೆ, ಗಾಡಿ ಯಾವುದು, ಮೊದಲೇ ಕೊಡ್ತೀರಾ ಎಂದು. ಗೋಡೆಯ ಮೇಲೆ ದರದ ಬೋರ್ಡ್ ಇದೆ. ದರ ವೈನ್‌ಶಾಪಿಗಿಂತ ಜಾಸ್ತಿ. ಅದು ಸಹಜ, ವೈನ್‌ಶಾಪಿನ ಸಿಎಲ್-2 ಲೈಸೆನ್ಸಿನಲ್ಲಿ ಕೂತು ಕುಡಿಯುವಂತಿಲ್ಲ, ಇಲ್ಲಿ ಬಾರಿನ ಸಿಎಲ್-9 ಲೈಸೆನ್ಸು, ಕುರ್ಚಿ, ಫ್ಯಾನು, ಅಡುಗೆ ಎಲ್ಲ ಇದೆ. ಬರೆದ ದರಕ್ಕಿಂತ ಒಂದು ರೂಪಾಯಿ ಜಾಸ್ತಿ ಅವರು ಇದುವರೆಗೆ ತೆಗೆದುಕೊಂಡಿಲ್ಲ.

ಗಾಡಿಯ ಸುದ್ದಿಯೂ ಅವರ ಹತ್ತಿರ ಇರುತ್ತದೆ. ಬಡಿಸುವ ಹುಡುಗನ ಫೋನಿನಲ್ಲಿ ಸದಾ ರೈಲಿನ ಆಪ್ ತೆರೆದಿರುತ್ತದೆ. ‘ಮಾಮಾ, ನಿಮ್ಮ ಗಾಡಿ ಭಟ್ಕಳ ಬಿಟ್ಟಿದೆ, ಇನ್ನೊಂದು ಬಂಗುಡೆ ತಿನ್ನಬಹುದು’ ಎಂದು ಹೇಳುತ್ತಾನೆ. ಮಳೆಗಾಲದಲ್ಲಿ ಇದು ಬಹಳ ಉಪಯೋಗ. ಜೂನ್ ಮಧ್ಯದಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ. ಗುಡ್ಡ ಕಡಿದ ಜಾಗಗಳಲ್ಲಿ ಮಣ್ಣು ಕುಸಿಯುವ ಭಯ, ಅದಕ್ಕೆ ಗಾಡಿ ನಿಧಾನ ಬಿಡುತ್ತಾರೆ.

ಬಂಗುಡೆ ತವಾ ಫ್ರೈ ಬಗ್ಗೆ ಹೇಳಲೇಬೇಕು. ಎರಡು ಬಂಗುಡೆ, 120 ರೂಪಾಯಿ. ಮಸಾಲೆ ತೆಳ್ಳಗೆ, ಮೀನಿನ ಚರ್ಮ ಕಾಣುವಷ್ಟು. ಬಹಳ ಕಡೆ ರವೆ ದಪ್ಪ ಮೆತ್ತಿ ಹಳೆಯ ಮೀನು ಮುಚ್ಚುತ್ತಾರೆ, ಇಲ್ಲಿ ರವೆ ಬೇಕಾದರೆ ಕೇಳಬೇಕು. ಅನ್ನಕ್ಕೆ ಬಂಗುಡೆಯ ಹುಮಣ, ಅಂದರೆ ಕಾಯಿ ಅರೆದ ಸಾರು, ತೆಪ್ಪಲ್ ಎಂಬ ಮಸಾಲೆ ಕಾಯಿ ಹಾಕಿದ್ದು. ಬಾಯಿಗಿಟ್ಟರೆ ನಾಲಿಗೆ ಜುಮ್ಮೆನ್ನುತ್ತದೆ. ಎಂಟು ತಿಂಗಳು ಹಡಗಿನ ಅಡುಗೆ ತಿಂದು ಬಂದವನಿಗೆ ಆ ಜುಮ್ಮೆನ್ನುವುದೇ ಊರು ಬಂತು ಎಂಬ ಗುರುತು. ಕಾಳಿ ನದಿಯ ಖುಬ್ಬೆ (ಚಿಪ್ಪುಮೀನು) ಸಿಕ್ಕ ದಿನ ಸುಕ್ಕಾ ಮಾಡುತ್ತಾರೆ. ಸಿಗದ ದಿನ ಇಲ್ಲ ಅನ್ನುತ್ತಾರೆ.

ಈ ‘ಇಲ್ಲ’ ಅನ್ನುವುದು ನನಗೆ ಬಹಳ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, 61 ದಿನ. ಆಗ ಸಿಗುವುದು ನಾಡದೋಣಿಯವರು ತಂದ ಸ್ವಲ್ಪ ಮೀನು, ಹೊಳೆ ಮೀನು, ಇಲ್ಲವೇ ಐಸಿನದು. ಕಳೆದ ಜುಲೈಯಲ್ಲಿ ಇಸವಣ ಮೀನು ಇದೆಯಾ ಎಂದು ಕೇಳಿದೆ. ‘ಅದೆ, ಆದ್ರೆ ಐಸಿನದು. ನಿಮಗೆ ಬೇಡ’ ಅಂದರು ಶೇಟ್ರು. ಮೊಟ್ಟೆ ಆಮ್ಲೆಟ್ ತಿಂದು ಖುಷಿಯಿಂದ ಹೋದೆ.

ಕುಡಿಯದವರಿಗೆ ಸೋಲ್ ಕಢಿ ಇದೆ, ತೆಂಗಿನ ಹಾಲು ಹಿಂಡಿ ಮಾಡಿದ್ದು, ದೊಡ್ಡ ಲೋಟ. ಹಡಗಿಗೆ ಹೊರಟಾಗ ನನ್ನದು ಅದೇ. ಕುಡಿಯುವವರಿಗೂ ಒಂದು ಮಾತು ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಪಿಂಟ್ ಅಂದರೆ 568 ಮಿಲಿ, ನಮ್ಮಲ್ಲಿ ಪಿಂಟ್ ಅಂದರೆ 330 ಮಿಲಿಯ ಸಣ್ಣ ಬಾಟಲಿ. ಗಾಡಿಗೆ ಹೋಗುವವರಿಗೆ ನಮ್ಮ ಪಿಂಟೇ ಸಾಕು. ಅಮಲೇರಿ ಸ್ಟೇಷನ್ನಿನಲ್ಲೋ ಗಾಡಿಯಲ್ಲೋ ಗಲಾಟೆ ಮಾಡಿದರೆ ರೈಲ್ವೆ ಕಾಯ್ದೆಯ 145ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಇದೆ. ಅದಕ್ಕಿಂತ, ಎದುರಿನ ಬರ್ತಿನಲ್ಲಿ ಯಾರದೋ ಮಕ್ಕಳು ಮಲಗಿರುತ್ತಾರೆ. ಗೋವಾ ಕಡೆಯಿಂದ ಬಾಟಲಿ ತಂದು ಚೀಲದಲ್ಲಿ ಇಟ್ಟುಕೊಳ್ಳುವುದೂ ಬೇಡ, ಗಡಿಯ ಮಾಜಾಳಿ ದಾಟಿದರೆ ಅದು ತೊಂದರೆಯೇ.

ಕೊರತೆ ಇಲ್ಲವೇ? ಇದೆ. ಫ್ಯಾಮಿಲಿ ರೂಮ್ ಹಿಂದೆ ಇದೆ, ಪ್ಲೈವುಡ್ ಗೋಡೆ, ಕಿಟಕಿ ಇಲ್ಲ, ಬಾಗಿಲಿಗೆ ಪರದೆ. ಹೆಂಡತಿ, ಮಗಳನ್ನು ಕರೆದುಕೊಂಡು ಹೋದಾಗ ಅಲ್ಲೇ ಕೂರಿಸಿದರು. ಮಗಳು ಹತ್ತು ನಿಮಿಷ ಕುಳಿತು, ‘ಅಪ್ಪಾ, ನಾವೇನು ತಪ್ಪು ಮಾಡಿದ್ದೇವೆ ಅಂತ ಇಲ್ಲಿ ಅಡಗಿಸಿಟ್ಟಿದ್ದಾರೆ?’ ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎದ್ದು ಮುಂದೆ ಬಂದು ಬಾಗಿಲ ಹತ್ತಿರದ ಟೇಬಲ್ಲಿನಲ್ಲಿ ಮೂವರೂ ಕುಳಿತೆವು. ಅಕ್ಕಪಕ್ಕದವರು ಒಮ್ಮೆ ನೋಡಿದರು, ಆಮೇಲೆ ತಮ್ಮ ಪಾಡಿಗೆ ತಾವಿದ್ದರು. ಶೇಟ್ರು ತಾವೇ ಬಂದು ಟೇಬಲ್ ಒರೆಸಿದರು. ಅದು ನನಗೆ ಹಿಡಿಸಿತು.

ಹೆಂಗಸರ ಶೌಚಾಲಯ ಬೇರೆ ಇದೆ, ಸ್ವಚ್ಛವೂ ಇದೆ. ಆದರೆ ಚಿಲಕ ಮುರಿದಿದೆ. ಹೆಂಡತಿ ಒಳಗಿದ್ದಾಗ ಮಗಳು ಹೊರಗೆ ಕಾವಲು ನಿಲ್ಲಬೇಕಾಯಿತು. ಒಬ್ಬಳೇ ಬಂದ ಹೆಣ್ಣುಮಗಳು ಏನು ಮಾಡಬೇಕು? ನೂರು ರೂಪಾಯಿಯ ಚಿಲಕ. ಮೀನಿನ ಮೇಲೆ ಇಷ್ಟು ಕಾಳಜಿ ಇರುವವರು ಇದನ್ನು ಬಿಡಬಾರದು. ಶೇಟ್ರಿಗೆ ಹೇಳಿದೆ, ತಲೆ ಆಡಿಸಿದರು, ವಾರದಲ್ಲಿ ಹಾಕಿಸುತ್ತೇನೆ ಅಂದರು. ದಸರಾ ರಜೆ ಮುಗಿಸಿ ಮಗಳು ಪಂಚಗಂಗಾಕ್ಕೆ ಹೊರಡುವ ದಿನ ಮೂರೂವರೆಗೇ ಅಲ್ಲಿಗೆ ಹೋಗುತ್ತೇವೆ. ಮೊದಲು ಚಿಲಕ ನೋಡುತ್ತೇನೆ, ಆಮೇಲೆ ಬಂಗುಡೆ ಹೇಳುತ್ತೇನೆ.