ಮುಂಜಾನೆಗೆ ಐದು ಬಗೆಯ ದೋಸೆ: ದಿಢೀರ್ ಆಗಬೇಕಾದ್ದು ಹಿಟ್ಟೋ, ಹಂಚೋ?

‘ಎರಡೇ ನಿಮಿಷದ ದೋಸೆ’ ಅಂದಾಗ ಆ ಎರಡು ನಿಮಿಷ ಹೋಗುವುದು ಹಿಟ್ಟು ಕಲಸುವುದಕ್ಕೆ. ಆಮೇಲೆ ಹಂಚಿನ ಮುಂದೆ ನಿಲ್ಲುವ ಹೊತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ಮಂದಿಗೆ ಹನ್ನೆರಡು ದೋಸೆ, ಒಂದಕ್ಕೆ ಮೂರೂವರೆ ನಿಮಿಷ ಅಂದರೆ ಹೆಚ್ಚುಕಡಿಮೆ ಮುಕ್ಕಾಲು ತಾಸು. ಎಂಟಕ್ಕೆ ಶಾಲೆಯ ವ್ಯಾನು ಓಣಿಯ ತುದಿಗೆ ಬಂದು ನಿಲ್ಲುವ ಮನೆಗೆ ಬೇಕಾದದ್ದು ಈ ಎರಡನೆಯ ಲೆಕ್ಕವೇ.

ಅದಕ್ಕೇ ಐದು ಬಗೆಗಳನ್ನು ಒಂದೇ 26 ಸೆಂ.ಮೀ. ಬೀಡುಕಬ್ಬಿಣದ ಹಂಚಿನ ಮೇಲೆ, ಒಂದೇ ಒಲೆಯಲ್ಲಿ, ನಾಲ್ಕು ಮಂದಿಗೆ ಆಗುವಷ್ಟು ಮಾಡಿ ನೋಡಿದ್ದು. ಒಣ ಸಾಮಗ್ರಿ ಎಲ್ಲಕ್ಕೂ 250 ಗ್ರಾಂ. ಓಟ್ಸಿಗೆ ಮಾತ್ರ 180, ಯಾಕೆಂದರೆ ಅದರಲ್ಲಿ ಬಾಳೆಹಣ್ಣು ಸೇರುತ್ತದೆ. ನೋಡಿದ್ದು ಹಂಚಿನ ಮುಂದೆ ಎಷ್ಟು ನಿಮಿಷ, ಎಷ್ಟು ಎಣ್ಣೆ, ಡಬ್ಬಿಯಲ್ಲಿ ಎರಡು ತಾಸು ಇಟ್ಟ ಮೇಲೆ ಹೇಗಿದೆ, ಮತ್ತೆ ಹಸಿವು ಯಾವಾಗ. ತೊಳೆಯುವ ಪಾತ್ರೆ ಎಷ್ಟು ಅನ್ನುವುದನ್ನೂ ಎಣಿಸಿದ್ದೇವೆ. ನಳ ದಿನಾ ಬಾರದ ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಇದು ಸಣ್ಣ ಮಾತಲ್ಲ. ಮೈದಾ ಇರುವುದನ್ನೂ ಪೊಟ್ಟಣದ ಸಿದ್ಧ ಪುಡಿಯನ್ನೂ ಬಿಟ್ಟಿದ್ದೇವೆ. ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಬರೆದದ್ದರಲ್ಲಿ ಮೊದಲ ಮೂರು ಹೆಸರು ಓದಿದರೆ ಕಾರಣ ತಿಳಿಯುತ್ತದೆ.

ತೀರ್ಪು ಮೊದಲೇ ಹೇಳಿಬಿಡೋಣ. ತಾಟಿಗೆ ಹೆಸರುಕಾಳಿನ ದೋಸೆ. ಕಾಳು ನೆನೆಹಾಕಲು ಮರೆತ ದಿನಕ್ಕೆ ಅಂಬಲಿ ಹಾಕಿ ಕಲಸಿದ ಜೋಳದ ದೋಸೆ. ಡಬ್ಬಿಗೆ ತಾಲಿಪಟ್ಟಿ. ಉಳಿದ ಎರಡು ಮಕ್ಕಳ ಒತ್ತಾಯಕ್ಕೆ ಆಗಾಗ.

ಮೊದಲು ಗೋಧಿ ಹಿಟ್ಟಿನ ಬೆಲ್ಲದ ದೋಸೆ. 250 ಗ್ರಾಂ ಹಿಟ್ಟು, 100 ಗ್ರಾಂ ಬೆಲ್ಲ, 450 ಮಿ.ಲೀ. ನೀರು, ಚಿಟಿಕೆ ಉಪ್ಪು, ಎರಡು ಏಲಕ್ಕಿ. ಬೆಲ್ಲವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಸೋಸಿ, ಪೂರ್ತಿ ಆರಿಸಿಯೇ ಹಿಟ್ಟಿಗೆ ಹಾಕಬೇಕು. ಬಿಸಿ ಇದ್ದರೆ ಹಿಟ್ಟು ಗಂಟು ಕಟ್ಟುತ್ತದೆ, ಆ ಗಂಟು ಆಮೇಲೆ ಎಷ್ಟು ತಿರುವಿದರೂ ಒಡೆಯುವುದಿಲ್ಲ. ಮೊದಲು ಅರ್ಧ ನೀರಿನಲ್ಲಿ ದಪ್ಪಗೆ ಕಲಸಿ, ಗಂಟು ಒಡೆದು, ಆಮೇಲೆ ಉಳಿದ ನೀರು. ನುಣ್ಣಗಾಯಿತೋ, ಅಲ್ಲಿಗೆ ಕೈ ಬಿಡಿ. ಬಹಳ ಹೊತ್ತು ತಿರುವಿದಷ್ಟೂ ಗೋಧಿಯ ಗ್ಲುಟೆನ್ ಎಳೆ ಬಿಗಿದು ದೋಸೆ ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ. ಹತ್ತು ನಿಮಿಷ ಸುಮ್ಮನೆ ಇಟ್ಟರೆ ತವುಡಿನ ಅಂಶ ನೀರು ಕುಡಿದು ಹದವಾಗುತ್ತದೆ. ಉರಿ ಮಧ್ಯಮದಲ್ಲೇ ಇರಲಿ, ಬೆಲ್ಲ ಬೇಗ ಹೊತ್ತುತ್ತದೆ. ಹತ್ತು ದೋಸೆ, ತಲಾ ಎರಡು ನಿಮಿಷ.

ತೊಳೆಯುವುದಕ್ಕೆ ಬರೀ ಎರಡು ಪಾತ್ರೆ. ಆದರೆ ಒಂದು ದೋಸೆಗೆ 10 ಗ್ರಾಂ ಬೆಲ್ಲ ಬಿದ್ದಿರುತ್ತದೆ. ಎಂಟಕ್ಕೆ ತಿಂದವರಿಗೆ ಹತ್ತೂವರೆಗೆ ಹೊಟ್ಟೆ ಮತ್ತೆ ಕರೆಯುತ್ತದೆ. ಡಬ್ಬಿಗಂತೂ ಬೇಡ, ಆರಿದರೆ ಚರ್ಮದಂತೆ. ಜವೆಗೋಧಿ ಹಿಟ್ಟು ಸಿಕ್ಕರೆ ಅದನ್ನೇ ಬಳಸಿ. ಹುಗ್ಗಿಗೆ, ಮಾದಲಿಗೆ ಹಾಕುವ ಅದೇ ಗೋಧಿ, ಸದಕ ಅಂತಲೂ ಕರೆಯುತ್ತಾರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025, ಡಿಡಿಕೆ 1029 ತಳಿಗಳು ಇದೇ ಜಾತಿಯವು. ಇದರ ಗ್ಲುಟೆನ್ ಎಳೆ ಬಲ ಕಡಿಮೆ, ಹಾಗಾಗಿ ರೊಟ್ಟಿಗೆ ಅಷ್ಟು ಒಗ್ಗದಿದ್ದರೂ ದೋಸೆಗೆ ಮೆತ್ತಗೆ ಬರುತ್ತದೆ. ಗ್ಲುಟೆನ್ ಇಲ್ಲವೇ ಇಲ್ಲ ಅಂತ ಮಾತ್ರ ತಿಳಿಯಬೇಡಿ; ಗೋಧಿ ಆಗದವರಿಗೆ ಇದೂ ಆಗದು.

ಓಟ್ಸ್-ಬಾಳೆಹಣ್ಣಿನ ಪ್ಯಾನ್‌ಕೇಕ್ ಈಚೆಗೆ ನಮ್ಮ ಅಡಿಗೆಮನೆಗೆ ಬಂದದ್ದು. 180 ಗ್ರಾಂ ಓಟ್ಸ್ ಪುಡಿ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದ ಮೂರು ಪಚ್ಚಬಾಳೆ (ಏಲಕ್ಕಿ ಬಾಳೆಯಾದರೆ ಐದಾರು), 150 ಗ್ರಾಂ ಮೊಸರು, 200 ಮಿ.ಲೀ. ಹಾಲು, ಕಾಲು ಚಹಾಚಮಚ ಅಡಿಗೆ ಸೋಡಾ. ಹಣ್ಣು ಚೆನ್ನಾಗಿ ಕಳಿತಿದ್ದರೆ ಸಕ್ಕರೆಯ ಮಾತೇ ಬೇಡ. ಕೆಡುವುದು ಮೂರು ಕಡೆ. ಸೋಡಾ ಅರ್ಧ ಚಮಚಕ್ಕೆ ಏರಿದರೆ ಮೊಸರಿನ ಹುಳಿ ಅದಕ್ಕೆ ಸಾಲದೆ ಸಾಬೂನಿನ ವಾಸನೆ ಬರುತ್ತದೆ. ಕಲಸಿ ಅರ್ಧ ತಾಸು ಇಟ್ಟರೆ ಗಾಳಿ ಹೋಗಿ ಚಪ್ಪಟೆ; ಅಷ್ಟರಲ್ಲಿ ಓಟ್ಸ್ ನೀರು ಕುಡಿದು ಅಂಟಿನಂತಾಗಿರುತ್ತದೆ. ದೊಡ್ಡ ಉರಿಯಲ್ಲಿ ಹಣ್ಣಿನ ಸಕ್ಕರೆ ಹೊರಗೆ ಕರಿ ಹಿಡಿಯುತ್ತದೆ, ಒಳಗೆ ಹಸಿ ಉಳಿಯುತ್ತದೆ. ಸಣ್ಣ ಉರಿ, ಅಂಗೈಯಗಲದ ಮೂರು ಒಮ್ಮೆಗೆ, ಮೇಲೆ ಎದ್ದ ಗುಳ್ಳೆ ಒಡೆದು ತೂತು ಹಾಗೇ ನಿಂತಾಗ ಹೊಳ್ಳಿಸಿ ಹಾಕುವುದು. ಹದಿನಾರು ಆಗುತ್ತವೆ, ಹಂಚಿನ ಮುಂದೆ 24 ನಿಮಿಷ. ಮಿಕ್ಸಿ ಜಾರು ಸೇರಿ ಪಾತ್ರೆ ನಾಲ್ಕು. ಮಕ್ಕಳು ತಕರಾರಿಲ್ಲದೆ ತಿನ್ನುವುದು ಇದೊಂದೇ, ಅದನ್ನು ಒಪ್ಪಬೇಕು. ಆದರೆ ಮೇಲೆ ಒಂದು ದೊಡ್ಡ ಚಮಚ ಜೇನು ಸುರಿದರೆ ಸುಮಾರು 60 ಕ್ಯಾಲರಿ ಸಕ್ಕರೆ ಸೇರಿತು. ಆಮೇಲೆ ‘ಆರೋಗ್ಯಕ್ಕೆ ಒಳ್ಳೆಯದು’ ಅನ್ನುವುದರಲ್ಲಿ ಅರ್ಥವಿಲ್ಲ.

ಇನ್ನು ಜೋಳ. ಇಲ್ಲಿ ನಿಜವಾದ ಪೈಪೋಟಿ ಇರುವುದು ಎರಡು ಬಗೆಯ ಜೋಳದ ದೋಸೆಗಳ ನಡುವೆಯೇ.

ಎಲ್ಲರೂ ಹೇಳುವ ದಿಢೀರ್ ಜೋಳದ ದೋಸೆ ನೀರುನೀರಾದದ್ದು: 190 ಗ್ರಾಂ ಜೋಳದ ಹಿಟ್ಟು, 60 ಗ್ರಾಂ ಸಣ್ಣ ರವೆ, ಎರಡು ಚಮಚ ಮೊಸರು, 900 ಮಿ.ಲೀ. ನೀರು. ಹಂಚು ಚೆನ್ನಾಗಿ ಕಾದು, ಚಿಮುಕಿಸಿದ ನೀರಿನ ಹನಿ ಗೋಲಿಯಂತೆ ಓಡಾಡುವಾಗ ಮೇಲಿನಿಂದ ಸುರಿಯಬೇಕು. ಸುಂಯ್ ಅಂತ ಸದ್ದಾಗಿ ಜಾಲರಿಯಂತೆ ತೂತು ಬೀಳುತ್ತವೆ. ತೂತು ಬೀಳಲಿಲ್ಲವೆಂದರೆ ಒಂದೋ ಹಂಚು ಕಾದಿಲ್ಲ, ಇಲ್ಲವೇ ನೀರು ಕಡಿಮೆ. ಪ್ರತಿ ದೋಸೆಗೂ ಮುಂಚೆ ತಳದಿಂದ ಕಲಕಬೇಕು. ಹಿಟ್ಟು ತಳ ಹಿಡಿಯುತ್ತದೆ, ಮರೆತರೆ ಮೊದಲ ನಾಲ್ಕು ಗಾಜಿನಂತೆ ತೆಳ್ಳಗೆ, ಕೊನೆಯ ನಾಲ್ಕು ಹಲಗೆ. ರುಚಿ, ಗರಿಗರಿ ಎಲ್ಲ ಸರಿ. ಆದರೆ ಆ ನೀರೆಲ್ಲ ಆವಿಯಾಗಿ ಹೋಗುವ ತನಕ ಕಾಯುವವರು ನೀವೇ. ಅಂಚು ತಾನಾಗಿ ಏಳುವ ಮುಂಚೆ ಕೈ ಹಾಕಿದರೆ ಹರಿದು ಚೂರಾಗುತ್ತದೆ. ಹನ್ನೆರಡು ದೋಸೆಗೆ 42 ನಿಮಿಷ ಹಿಡಿಯಿತು. ಐದರಲ್ಲಿ ಹಿಟ್ಟು ಅತಿ ಬೇಗ ತಯಾರಾಗಿದ್ದೂ ಇದೇ, ನಾಷ್ಟಾ ಅತಿ ತಡವಾಗಿದ್ದೂ ಇದೇ.

ಇದಕ್ಕೆ ಉಪಾಯ ನಮ್ಮ ಅಂಬಲಿಯಲ್ಲೇ ಇದೆ. 250 ಗ್ರಾಂ ಜೋಳದ ಹಿಟ್ಟಿನಿಂದ 30 ಗ್ರಾಂ, ಅಂದರೆ ಮೂರು ದೊಡ್ಡ ಚಮಚ ತೆಗೆದು, ಸ್ವಲ್ಪ ತಣ್ಣೀರಿನಲ್ಲಿ ಕದಡಿ, ಒಟ್ಟು 300 ಮಿ.ಲೀ. ನೀರಿನಲ್ಲಿ ಮೂರು ನಿಮಿಷ ಕುದಿಸಿ. ಗಂಜಿ ಹೊಳಪು ಹಿಡಿದು ಸೌಟಿಗೆ ಅಂಟಬೇಕು. ಅದು ಬೆಚ್ಚಗಾಗುವಷ್ಟು ಆರಿದ ಮೇಲೆ ಉಳಿದ ಹಿಟ್ಟು, 300 ಮಿ.ಲೀ. ಹುಳಿ ಮಜ್ಜಿಗೆ, ಉಪ್ಪು, ಜೀರಿಗೆ, ಹೆಚ್ಚಿದ ಹಸಿಮೆಣಸಿನಕಾಯಿ ಸೇರಿಸಿ. ಜೋಳದಲ್ಲಿ ಗೋಧಿಯ ಹಾಗೆ ಹಿಡಿದಿಡುವ ಗ್ಲುಟೆನ್ ಇಲ್ಲ. ಬೆಂದ ಪಿಷ್ಟವೇ ಆ ಕೆಲಸ ಮಾಡುತ್ತದೆ. ರೊಟ್ಟಿಗೆ ಕುದಿಯುವ ಎಸರು ಹಾಕಿ ನಾದುವುದಕ್ಕೂ ಕಾರಣ ಇದೇ. ಹಿಟ್ಟು ತಳ ಹಿಡಿಯುವುದಿಲ್ಲ, ಸೌಟಿನಿಂದ ಹಗುರಾಗಿ ಹರಡಬಹುದು, ರವೆಯೂ ಬೇಡ.

ಇದಕ್ಕೆ ಹಂಚು ಅಷ್ಟು ಕಾದಿರಬಾರದು. ಕಾದ ಹಂಚಿನ ಮೇಲೆ ಒದ್ದೆ ಅರಿವೆ ಒಮ್ಮೆ ಆಡಿಸಿ, ಅರ್ಧ ಹೆಚ್ಚಿದ ಉಳ್ಳಾಗಡ್ಡಿಯನ್ನು ಎಣ್ಣೆಗೆ ಅದ್ದಿ ಸವರಿ, ನಡುವೆ ಒಂದು ಸೌಟು ಹಾಕಿ ಎರಡೇ ಸುತ್ತು. ಮೂರನೆಯ ಸುತ್ತಿಗೆ ಹಿಟ್ಟು ಸೌಟಿನ ಜೊತೆ ಎದ್ದು ಬರುತ್ತದೆ. ಒಂದು ನಿಮಿಷ ಮುಚ್ಚಿಡಿ; ಮುಚ್ಚಳ ತೆಗೆದಾಗ ಮೇಲ್ಮೈಯ ಹಸಿ ಬಿಳುಪು ಹೋಗಿ ಬೂದಿಗೆ ತಿರುಗಿರುತ್ತದೆ, ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಹೊಳ್ಳಿಸಿ ಇನ್ನೊಂದು ನಿಮಿಷ. ಹತ್ತು ದೋಸೆಗೆ 25 ನಿಮಿಷ, ಅಂಬಲಿಗೆ ಐದು. ಅಂಬಲಿ ಹಿಂದಿನ ರಾತ್ರಿಯೇ ಕುದಿಸಿಟ್ಟರೆ ಆ ಐದೂ ಉಳಿಯಿತು.

ಗಿರಣಿಯಿಂದ ಬೀಸಿಕೊಂಡು ಬಂದು ತಿಂಗಳ ಮೇಲಾದ ಜೋಳದ ಹಿಟ್ಟಾದರೆ ಯಾವ ಉಪಾಯವೂ ನಡೆಯದು. ಹಿಟ್ಟಿನಲ್ಲಿರುವ ಜಿಡ್ಡು ಕೆಟ್ಟು ಕಹಿ ಬರುತ್ತದೆ, ಜಿಗಟು ಹೋಗುತ್ತದೆ. ಹಿಂಗಾರಿ ಬಿಳಿಜೋಳ ಹದಿನೈದು ದಿನಕ್ಕಾಗುವಷ್ಟೇ ಬೀಸಿಸುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮೇಲೂ ಮೊದಲ ಸ್ಥಾನ ಹೆಸರುಕಾಳಿಗೇ. 225 ಗ್ರಾಂ ಇಡಿ ಹೆಸರುಕಾಳು, 25 ಗ್ರಾಂ ಅಕ್ಕಿ, ಎಂಟು ತಾಸು ನೆನೆಸುವುದು. ಮುಂಜಾನೆ ನೀರು ಬಸಿದು, ಒಂದಿಂಚು ಹಸಿಶುಂಠಿ, ಮೂರು ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು, 200 ಮಿ.ಲೀ. ನೀರು ಹಾಕಿ ರುಬ್ಬಿದರೆ ಆಯಿತು. ಹುಳಿ ಬರಿಸುವ ಕೆಲಸವಿಲ್ಲ. ಧಾರವಾಡದ ಜಡಿಮಳೆಯ ತಿಂಗಳಲ್ಲಿ ಉದ್ದಿನ ದೋಸೆ ಹಿಟ್ಟು ಬೆಳಗಾದರೂ ಉಬ್ಬದೆ ಕೂತಿರುವಾಗ ಇದರ ಬೆಲೆ ತಿಳಿಯುತ್ತದೆ. ಒಬ್ಬರ ಪಾಲಿಗೆ ಸುಮಾರು 13 ಗ್ರಾಂ ಪ್ರೋಟೀನ್ ಬರುತ್ತದೆ. ಗೋಧಿಯದರಲ್ಲಿ 7ರ ಆಸುಪಾಸು, ಜೋಳದಲ್ಲಿ 6, ಓಟ್ಸಿನಲ್ಲಿ ಹಾಲು-ಮೊಸರು ಸೇರಿಯೂ 9. ಮಧ್ಯಾಹ್ನದ ಊಟದ ತನಕ ಹೊಟ್ಟೆ ಸುಮ್ಮನಿದ್ದದ್ದು ಇದನ್ನು ತಿಂದ ದಿನ ಮಾತ್ರ.

ನವಲಗುಂದ, ನರಗುಂದ, ರೋಣದ ಕರಿಮಣ್ಣಿನಲ್ಲಿ ಮುಂಗಾರಿ ಹೆಸರು ಆಗಸ್ಟ್-ಸೆಪ್ಟೆಂಬರಿಗೆ ರಾಶಿಯಾಗುತ್ತದೆ. ಆ ಹೊಸ ಕಾಳು ಆರು ತಾಸಿಗೇ ನೆನೆಯುತ್ತದೆ. ವರ್ಷ ಕಳೆದ ಕಾಳಿಗೆ ಹತ್ತು ತಾಸು ಬೇಕಾದೀತು. ಬಸಿಯುವಾಗ ಉಬ್ಬದೆ ಕಲ್ಲಿನಂತೆ ಉಳಿದ ಕಾಳನ್ನು ಆರಿಸಿ ತೆಗೆಯಿರಿ, ಅವು ರುಬ್ಬಿದರೂ ಹಲ್ಲಿಗೆ ಸಿಗುತ್ತವೆ. ಏಪ್ರಿಲ್-ಮೇ ಸೆಖೆಯಲ್ಲಿ, ಅದೂ ಗದಗ ಕಡೆ, ಹೊರಗಿಟ್ಟರೆ ನೆನೆದ ನೀರು ನೊರೆ ಬಂದು ವಾಸನೆ ಹಿಡಿಯುತ್ತದೆ. ಮಲಗುವ ಮುಂಚೆ ನೀರು ಬದಲಿಸಿ ಫ್ರಿಜ್ಜಿನಲ್ಲಿಡಿ.

ಸಾಮಾನ್ಯವಾಗಿ ಆಗುವ ತಪ್ಪು ಒಂದೇ: ಬೆಣ್ಣೆಯಂತೆ ನುಣ್ಣಗೆ ರುಬ್ಬುವುದು. ಹಾಗೆ ಮಾಡಿದರೆ ದೋಸೆ ಹಂಚಿಗೆ ಹಿಡಿಯುತ್ತದೆ, ತಿಂದರೆ ಬಾಯಿಗೆ ಮೆತ್ತಿಕೊಳ್ಳುತ್ತದೆ. ಬೆರಳಲ್ಲಿ ತಿಕ್ಕಿದರೆ ಸಣ್ಣ ರವೆಯಷ್ಟು ತರಿ ಸಿಗಬೇಕು. ಅಕ್ಕಿ ಬಿಟ್ಟರೆ ಗರಿ ಬರುವುದಿಲ್ಲ, ಹೆಚ್ಚು ಹಾಕಿದರೆ ಒಡೆಯುತ್ತದೆ. ಹತ್ತು ದೋಸೆ, 20 ನಿಮಿಷ, ರುಬ್ಬಲು ಐದು. ಪಾತ್ರೆ ಮೂರು, ಅದರಲ್ಲಿ ಮಿಕ್ಸಿ ಜಾರು ತೊಳೆಯುವುದೇ ತಲೆನೋವು. ಹಿಟ್ಟು ತೆಗೆದ ಕೂಡಲೇ ಅರ್ಧ ಬಟ್ಟಲು ನೀರು ಹಾಕಿ ಒಂದು ಸುತ್ತು ತಿರುಗಿಸಿ, ಆ ನೀರನ್ನೇ ಹಿಟ್ಟು ಸಡಿಲ ಮಾಡಲು ಬಳಸಿದರೆ ಅದೂ ಹಗುರ. ಆ ನೀರು ಮೇಲೆ ಹೇಳಿದ 200 ಮಿ.ಲೀ. ಒಳಗೇ ಇರಲಿ.

ಎಣ್ಣೆಯ ವಿಷಯದಲ್ಲಿ ಐದಕ್ಕೂ ಒಂದೇ ಮಾತು. ಕೈಯಂದಾಜಿಗೆ ಸುತ್ತ ಬಿಟ್ಟರೆ ಹತ್ತು ದೋಸೆಗೆ 100 ಮಿ.ಲೀ. ಕೂಡ ಖರ್ಚಾಗುತ್ತದೆ. ಒಂದು ಸಣ್ಣ ಬಟ್ಟಲಿಗೆ 30 ಮಿ.ಲೀ. ಅಳೆದು ಹಾಕಿಟ್ಟು ಅದರಲ್ಲೇ ಮುಗಿಸಿ. ಪಳಗಿದ ಹಂಚಾದರೆ ಸಾಕಾಗುತ್ತದೆ.

ತಾಲಿಪಟ್ಟಿ ಈ ಸಾಲಿನಲ್ಲಿ ಯಾಕೆ, ಅದೇನು ದೋಸೆಯೇ ಅಂತ ಕೇಳುವವರು ಇರುತ್ತಾರೆ. ಹಂಚಿನ ಮೇಲೆ ತಟ್ಟಿ ಬೇಯಿಸುವ ದಪ್ಪನೆಯದು, ಪ್ಯಾನ್‌ಕೇಕಿಗೆ ಇವೆಲ್ಲಕ್ಕಿಂತ ಹತ್ತಿರದ ನಂಟು ಇದರದೇ. 130 ಗ್ರಾಂ ಜೋಳ, 60 ಗ್ರಾಂ ಗೋಧಿ, 60 ಗ್ರಾಂ ಕಡಲೆಹಿಟ್ಟು, ಸಣ್ಣಗೆ ಹೆಚ್ಚಿದ ಎರಡು ಉಳ್ಳಾಗಡ್ಡಿ, ಒಂದು ಹಿಡಿ ಕೊತಂಬರಿ, ಎಳ್ಳು, ಅಜವಾನ, ಅರಿಶಿನ, ಬ್ಯಾಡಗಿ ಖಾರಪುಡಿ. ಬಿಸಿನೀರಿನಲ್ಲಿ ಕಲಸುವುದು. ಉಪ್ಪು ಬಿದ್ದ ಮೇಲೆ ಉಳ್ಳಾಗಡ್ಡಿ ನೀರು ಬಿಡುತ್ತಲೇ ಇರುತ್ತದೆ; ಆದ್ದರಿಂದ ಕಲಸುವಾಗ ಸ್ವಲ್ಪ ಬಿಗಿ ಅನಿಸಿದರೂ ನೀರು ಹಾಕಲು ಹೋಗಬೇಡಿ, ಕಾಲು ತಾಸಿಗೆ ತಾನೇ ಸಡಿಲಾಗುತ್ತದೆ.

ಬಿಸಿ ಹಂಚಿನ ಮೇಲೆ ಬೆರಳು ಸುಟ್ಟುಕೊಳ್ಳುವುದಕ್ಕಿಂತ, ಒದ್ದೆ ಅರಿವೆಯ ಮೇಲೆ ನಾಲ್ಕೈದು ಮಿ.ಮೀ. ದಪ್ಪಕ್ಕೆ ತಟ್ಟಿ, ನಡುವೆ ಬೆರಳಿಂದ ಒಂದು ತೂತು ಮಾಡಿ, ಅರಿವೆ ಸಮೇತ ಎತ್ತಿ ಹಂಚಿನ ಮೇಲೆ ಮಗುಚಿ, ಅರಿವೆಯನ್ನು ಅಂಚಿನಿಂದ ಮೆಲ್ಲಗೆ ಸುಲಿಯಿರಿ. ಅರಿವೆ ಒಣಗಿದ್ದರೆ ತಾಲಿಪಟ್ಟಿ ಅದರ ಜೊತೆಗೇ ಎದ್ದು ಬರುತ್ತದೆ. ಪ್ರತಿ ಸಲ ನೀರಲ್ಲಿ ಅದ್ದಿ ಹಿಂಡಬೇಕು. ನಡುವಿನ ತೂತಿಗೆ ಅರ್ಧ ಚಮಚ ಎಣ್ಣೆ, ಮುಚ್ಚಳ, ಮೂರು ನಿಮಿಷ, ಹೊಳ್ಳಿಸಿ ಎರಡು. ಆರಕ್ಕೆ ಅರ್ಧ ತಾಸು, ಎರಡು ಹಂಚು ಇಟ್ಟರೆ ಅದರರ್ಧ. ದಪ್ಪ ಹೆಚ್ಚಾದರೆ ಕಡಲೆಹಿಟ್ಟಿನ ಹಸಿವಾಸನೆ ನಡುವೆ ಉಳಿಯುತ್ತದೆ.

ಡಬ್ಬಿಯಲ್ಲಿ ಎರಡು ತಾಸಿನ ನಂತರವೂ ಮೆತ್ತಗೆ ಉಳಿದದ್ದು ಇದೊಂದೇ, ಅದಕ್ಕೆ ಕಾರಣ ಉಳ್ಳಾಗಡ್ಡಿಯ ತೇವ. ಬಿಸಿಬಿಸಿಯಾಗಿ ಡಬ್ಬಿಗೆ ಹಾಕಿ ಮುಚ್ಚಿದರೆ ಮಾತ್ರ ಬೆವರಿ ಹಸಿಯಾಗುತ್ತದೆ. ಬುಟ್ಟಿಯಲ್ಲಿ ಐದು ನಿಮಿಷ ಆರಲು ಬಿಡಿ. ಜೊತೆಗೆ ಸೇಂಗಾ ಚಟ್ನಿಪುಡಿ ಇಡಿ, ಮೊಸರು ಬೇರೆ ಡಬ್ಬಿಯಲ್ಲಿರಲಿ.