ರೀಫ್ ಟ್ಯಾಂಕಿಗೆ ಕಡಿಮೆ ಖರ್ಚಿನ ಹರಿವು: ಪವರ್‌ಹೆಡ್, ನಾಝಲ್, ವೇವ್‌ಮೇಕರ್, ಯಾವುದು ವಾಸಿ?

ರೀಫ್ ಟ್ಯಾಂಕಿಗೆ, ಅಂದರೆ ಹವಳ ಸಾಕುವ ಉಪ್ಪು ನೀರಿನ ಅಕ್ವೇರಿಯಮ್ಮಿಗೆ, ಪಂಪ್ ಕೊಳ್ಳಲು ಹೋದರೆ ಎಲ್ಲರ ಕಣ್ಣು ಮೊದಲು ಬೀಳುವುದು ಡಬ್ಬದ ಮೇಲಿನ ‘ಗಂಟೆಗೆ ಇಷ್ಟು ಲೀಟರ್’ ಅನ್ನುವ ಅಂಕಿಯ ಮೇಲೆ. ಮೆದು ಹವಳಗಳಿಗೆ ಗಂಟೆಗೆ ಟ್ಯಾಂಕಿನ ನೀರಿನ 10ರಿಂದ 20 ಪಟ್ಟು, ಅಕ್ರೊಪೋರಾದಂಥ ಗಟ್ಟಿ ಹವಳಗಳಿಗೆ 30, 40 ಪಟ್ಟು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನ್ನದು 200 ಲೀಟರಿನ ಟ್ಯಾಂಕ್. ಅದರಲ್ಲಿ ಒಂದೊಂದಾಗಿ ಹಾಕಿ ನೋಡಿದ ಮೇಲೆ ಆ ಅಂಕಿಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ನೀರು ಎಷ್ಟು ಅಗಲಕ್ಕೆ ಹರಡುತ್ತದೆ, ಆಗಾಗ ದಿಕ್ಕು ಬದಲಾಗುತ್ತದಾ ಅನ್ನುವುದನ್ನೇ ನೋಡುತ್ತೇನೆ.

ಎಲ್ಲದಕ್ಕೂ ಒಂದೇ ಪರೀಕ್ಷೆ ಇಟ್ಟುಕೊಂಡೆ. ಐಸ್ ಕರಗಿಸಿದ ಬ್ರೈನ್ ಶ್ರಿಂಪ್ (ಮೀನಿಗೆ ಹಾಕುವ ಪುಟಾಣಿ ಸಿಗಡಿ) ಒಂದು ಚಿಟಿಕೆ ಪಂಪಿನ ಮುಂದೆ ಬಿಟ್ಟು, ಅದು ಎಲ್ಲಿ ಹೋಗಿ ಕೂರುತ್ತದೆ ಅಂತ ನೋಡುವುದು. ಕೂತ ಜಾಗವೇ ಮುಂದೆ ಕಸ ಸೇರುವ, ಕೆಂಪು ಸಯನೋಬ್ಯಾಕ್ಟೀರಿಯಾ ಪೊರೆ ಕಟ್ಟುವ ಜಾಗ.

ಮೊದಲು ಹಳೇ ಮಾದರಿಯ ಪವರ್‌ಹೆಡ್, ನೀರಲ್ಲೇ ಮುಳುಗಿಸಿಡುವ ಸಣ್ಣ ಪಂಪ್. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ ಹಾಗೆ ಸಣ್ಣ ಗೆರೆಯಲ್ಲಿ ಜೋರಾಗಿ ಚಿಮ್ಮುತ್ತದೆ. ಗೆರೆಗೆ ಸಿಕ್ಕ ಯೂಫಿಲಿಯಾ ಹವಳದ ಒಂದು ಪಕ್ಕದ ಎಳೆಗಳು ಒಳಗೆ ಸೇದಿಕೊಂಡು, ಇನ್ನೊಂದು ಪಕ್ಕದವು ಮಾತ್ರ ಉಬ್ಬಿ ನಿಂತವು. ಹೀಗೇ ಬಿಟ್ಟರೆ ಮೆತ್ತನೆಯ ಮಾಂಸ ತನ್ನದೇ ಎಲುಬಿನ ಚೂಪು ಅಂಚಿಗೆ ಉಜ್ಜಿ ಗಾಯವಾಗುತ್ತದೆ. ಇತ್ತ ಕಲ್ಲಿನ ಹಿಂದೆ ಶ್ರಿಂಪ್ ಅಲುಗದೆ ಬಿದ್ದಿತ್ತು. ಗಂಟೆಗೆ ಸಾವಿರ ಚಿಲ್ಲರೆ ಲೀಟರಿಗೆ 20 ವಾಟ್‌ನಷ್ಟು ಕರೆಂಟ್ ಬೇರೆ, ಆ ಬಿಸಿಯೆಲ್ಲ ನೀರಿಗೇ. ಸೆಕೆಂಡ್ ಹ್ಯಾಂಡ್ ಪುಕ್ಕಟೆ ಸಿಕ್ಕರೂ ಮುಖ್ಯ ಪಂಪ್ ಮಾಡಿಕೊಳ್ಳಬೇಡಿ. ಉಪ್ಪು ನೀರು ಕಲಸುವ ಬಕೆಟ್ಟಿಗೆ ಚೆನ್ನಾಗಿದೆ.

ಕೆಳಗಿನ ಫಿಲ್ಟರ್ ತೊಟ್ಟಿಯಿಂದ (ಸಂಪ್) ನೀರನ್ನು ಮೇಲಕ್ಕೆ ತರುವ ರಿಟರ್ನ್ ಪೈಪಿನ ತುದಿಗೆ ಹಾಕುವ ತಿರುಗುವ ನಾಝಲ್ ನೋಡೋಕೆ ಜಾಣ ಉಪಾಯ. ಬೇರೆ ಕರೆಂಟ್ ಬೇಡ. ಆದರೆ ಸಂಪಿನಿಂದ ಮೇಲೆ ಬರುವಷ್ಟರಲ್ಲೇ ರಿಟರ್ನ್ ಪಂಪ್ ಸುಸ್ತಾಗಿರುತ್ತದೆ. ನನಗೆ ಮೇಲೆ ಸಿಗುವುದೇ ಐದು ಪಟ್ಟಿನಷ್ಟು, ಅದರಲ್ಲೂ ನಾಝಲ್ ಒಂದಿಷ್ಟು ನುಂಗಿತು. ಸುಣ್ಣದ ಪಾಚಿ ಹತ್ತಿದಾಗ ತಿರುಗುವುದೂ ನಿಂತಿತು. ಅದನ್ನು ತೆಗೆದು ಬೇಕಾದ ಕಡೆ ಬಗ್ಗುವ ಸಾದಾ ಲಾಕ್‌ಲೈನ್ ಪೈಪ್ ಹಾಕಿ, ಬಾಯಿಯನ್ನು ನೀರಿನ ಮೇಲ್ಮೈ ಕಡೆ ತಿರುಗಿಸಿದೆ. ಮೇಲಿನ ಜಿಡ್ಡು ಒಡೆಯಿತು, ಗಾಳಿ ಚೆನ್ನಾಗಿ ಬೆರೆಯಿತು. ರಿಟರ್ನ್‌ನಿಂದ ಅಷ್ಟು ಸಾಕು. ಬಾಯಿ ತೀರಾ ಆಳಕ್ಕೆ ಮಾತ್ರ ಇಡಬೇಡಿ. ಕರೆಂಟ್ ಹೋದಾಗ ಆ ಮಟ್ಟದವರೆಗಿನ ನೀರೆಲ್ಲ ಹಿಂದಕ್ಕೆ ಇಳಿದು ಸಂಪ್ ಉಕ್ಕುತ್ತದೆ.

ನಾನು ಉಳಿಸಿಕೊಂಡಿದ್ದು ರೆಕ್ಕೆ ತಿರುಗುವ ಸಾದಾ ಎಸಿ ವೇವ್‌ಮೇಕರ್, ಅದೂ ಎರಡು. ದೊಡ್ಡದೊಂದರ ಬದಲು ಸಣ್ಣವೆರಡು. 10 ವಾಟ್ ಒಳಗೇ ಒಂದೊಂದೂ ಪವರ್‌ಹೆಡ್‌ಗಿಂತ ಎಷ್ಟೋ ಜಾಸ್ತಿ ನೀರು ತಳ್ಳುತ್ತದೆ, ಅಗಲವಾಗಿ, ಮೆದುವಾಗಿ. ಎರಡು ತುದಿಯಲ್ಲಿ ಎದುರುಬದುರಾಗಿ, ಸ್ವಲ್ಪ ಓರೆಯಾಗಿ ಮುಂದಿನ ಗಾಜಿನ ಕಡೆ ತಿರುಗಿಸಿದೆ. ಎರಡು ಹರಿವು ಗುದ್ದಿಕೊಳ್ಳುವ ನಡುಜಾಗದಲ್ಲಿ ಶ್ರಿಂಪ್ ಒಂದು ದಾರಿ ಹಿಡಿಯದೆ ಮೇಲೆ ಕೆಳಗೆ ಸುಳಿದಾಡಿತು. ಹವಳಕ್ಕೆ ಬೇಕಾದ್ದು ಇದೇ ಅಲ್ವಾ? ಮೈಗೆ ಅಂಟಿ ನಿಂತ ತೆಳು ನೀರಿನ ಪದರ ಕದಡಿದರೇ ಅದರ ಉಸಿರಾಟ, ಊಟ, ಲೋಳೆ ತೊಳೆಯುವುದು ಎಲ್ಲ ಸಲೀಸು.

ಇದಕ್ಕೊಂದು ಅಗ್ಗದ ಟೈಮರ್ ಸೇರಿಸಿದರೆ ದಿಕ್ಕೂ ಬದಲಾಗುತ್ತದೆ. 15 ನಿಮಿಷದ ಹಲ್ಲುಗಳಿರುವ ಮೆಕ್ಯಾನಿಕಲ್ ಟೈಮರ್ ಸಾಕು. ಒಂದು ಪಂಪ್ ಸದಾ ಓಡಲಿ, ಇನ್ನೊಂದು ಸುಮಾರು ಆರು ಗಂಟೆ ಓಡಿ ಆರು ಗಂಟೆ ನಿಲ್ಲಲಿ. ಕಡಲಲ್ಲೂ ಉಬ್ಬರ ಇಳಿತ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಮಗುಚುವುದು. ಸೆಕೆಂಡಿಗೊಮ್ಮೆ ಆನ್ ಆಫ್ ಮಾಡುವ ಕಂಟ್ರೋಲರನ್ನು ಸಾದಾ ಎಸಿ ಪಂಪಿಗೆ ಕಟ್ಟಬೇಡಿ. ಪ್ರತಿ ಸಲ ಶುರುವಾಗುವಾಗ ರೋಟರ್ ‘ಟಕ್’ ಅಂತ ಬಡಿಯುತ್ತದೆ, ಬೇಗ ಸವೆಯುತ್ತದೆ.

ಅಗ್ಗದ್ದರಲ್ಲಿ ನನಗಿರುವ ತಕರಾರು ಪಂಪನ್ನು ಗಾಜಿಗೆ ಹಿಡಿದಿಡುವ ಮ್ಯಾಗ್ನೆಟ್ಟಿನದು. ಅದರ ಪ್ಲಾಸ್ಟಿಕ್ ಹೊದಿಕೆ ಬಿರಿದರೆ ಉಪ್ಪು ನೀರು ಒಳಗೆ ಹೋಗಿ ತುಕ್ಕು ಕಕ್ಕುತ್ತದೆ. ಪಾಚಿ ಉಜ್ಜುವಾಗೆಲ್ಲ ಅಂಚಿನ ಮೇಲೆ ಬೆರಳಾಡಿಸಿ. ಉಬ್ಬಿದ್ದರೆ ಅವತ್ತೇ ತೆಗೆಯಿರಿ. ಸದ್ದು ಜಾಸ್ತಿಯಾದರೆ ವಿನೆಗರ್ ಬೆರೆಸಿದ ನೀರಿನ ಬಕೆಟ್ಟಿನಲ್ಲಿ ಒಂದು ಗಂಟೆ ಓಡಿಸಿ ತೊಳೆಯಿರಿ, ಸುಣ್ಣ ಬಿಡುತ್ತದೆ.

ಡಿಸಿ ವೇವ್‌ಮೇಕರನ್ನೂ ಓಡಿಸಿ ನೋಡಿದೆ. ಸದ್ದಿಲ್ಲ, ವೇಗ ಏರಿಳಿಸಬಹುದು, ಊಟ ಹಾಕುವಾಗ ಒಂದು ಗುಂಡಿ ಒತ್ತಿದರೆ ಸುಮ್ನೆ ನಿಂತು ತಾನೇ ಶುರುವಾಗುತ್ತದೆ. ಪಂಪಾಗಿ ಅದೇ ಮೇಲು, ಸಂಶಯವಿಲ್ಲ. ಆದರೆ ಒಂದೇ ಒಂದು ಡಿಸಿ ಹಾಕಿದಾಗ ಕಲ್ಲಿನ ಹಿಂಬದಿಯ ಶ್ರಿಂಪ್ ಮತ್ತೆ ಅಲ್ಲೇ ಕೂತಿತು. ಅದೇ ದುಡ್ಡಿಗೆ ಎರಡು ಎಸಿ, ಟೈಮರ್ ಎಲ್ಲ ಬಂದು ಇನ್ನೂ ಮಿಗುತ್ತದೆ. ಅಕ್ರೊಪೋರಾ ತುಂಬಿಸುವ ಯೋಚನೆಯಿದ್ದರೆ ಡಿಸಿಗೆ ದುಡ್ಡು ಕೂಡಿಡಿ. ಜೊವಾಂಥಿಡ್, ಲೆದರ್, ಯೂಫಿಲಿಯಾ ಹವಳಗಳಷ್ಟೇ ಸಾಕು ಅನ್ನುವವರಿಗೆ ಅದು ಬೇಕಿಲ್ಲ.

ಯಾವುದನ್ನೇ ಕೊಳ್ಳುವ ಮುಂಚೆ ಕಲ್ಲನ್ನು ಹಿಂದಿನ ಗಾಜಿನಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ, ಗೋಡೆ ಕಟ್ಟಿದ ಹಾಗಿದ್ದರೆ ನಡುವೆ ಒಂದು ಸಂದು ಬಿಡಿ. ಇದಕ್ಕೆ ಕಾಸೂ ಬೇಡ. ಹಿಂಬದಿಯ ಸತ್ತ ಜಾಗ ನನ್ನಲ್ಲಿ ಮುಕ್ಕಾಲು ಪಾಲು ಹೋಗಿದ್ದು ಇದರಿಂದಲೇ. ಅನಿಮೋನ್ (ಹೂವಿನಂತೆ ಕಾಣುವ ಕಡಲ ಪ್ರಾಣಿ) ಇಟ್ಟಿದ್ದರೆ ಪಂಪಿನ ಬಾಯಿಗೆ ಸ್ಪಂಜಿನ ಕವಚ ಹಾಕಿ. ಅದು ನಡೆದುಕೊಂಡು ಹೋಗಿ ರೆಕ್ಕೆಗೆ ಸಿಕ್ಕಿಕೊಂಡರೆ ಇಡೀ ಟ್ಯಾಂಕ್ ಕೆಡುತ್ತದೆ.